ಸಿಸ್ಟರ್‌ಗೆ ಮಾತ್ರ ಹಾಸಿಗೆ ಇಲ್ಲ

ಬಿಎಸ್ಸಿ ನರ್ಸಿಂಗ್ ಮುಗಿಸಲು ನಾಲ್ಕು ವರ್ಷ ಬೇಕು, ಜಿಎನ್‌ಎಂ ಆದರೆ ಮೂರು. ರಾತ್ರಿ ಮೂರು ಗಂಟೆಯಲ್ಲಿ ರೋಗಿಯ ಉಸಿರಿನ ಸದ್ದು ಬದಲಾದದ್ದು ಮಾನಿಟರ್ ಕೂಗುವ ಮೊದಲೇ ಕಿವಿಗೆ ಬೀಳುವಷ್ಟು ಪಳಗಬೇಕಾದರೆ ಇನ್ನೂ ಐದಾರು ವರ್ಷ. ಹೀಗೆ ಪಳಗಿದವಳೊಬ್ಬಳನ್ನು ಮುಗಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕಳೆಯುವುದು ಎಚ್‌ಆರ್ ಕೋಣೆಯಲ್ಲಿ. ಮೇಜಿನ ಮೇಲೆ ಮೊದಲೇ ಟೈಪ್ ಮಾಡಿಟ್ಟ ಕಾಗದ: ‘ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ.’ ಪಕ್ಕದಲ್ಲಿ ಪೆನ್ನು. ಎದುರಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್, ಆಡಳಿತಾಧಿಕಾರಿ. ಬಾಗಿಲ ಬಳಿ ಸೆಕ್ಯುರಿಟಿ. ‘ಸೈನ್ ಮಾಡಮ್ಮ, ಪೊಲೀಸ್ ಕೇಸ್ ಆಗೋದಕ್ಕಿಂತ ಇದು ವಾಸಿ ಅಲ್ವಾ?’

ಸಹಿ ಬೀಳುತ್ತದೆ. ಬೀಳದೆ ಇನ್ನೇನು? ಅರ್ಧ ಗಂಟೆಯಲ್ಲಿ ಲಾಕರ್ ಖಾಲಿ, ಐಡಿ ಕಾರ್ಡ್ ವಾಪಸ್, ಹಾಸ್ಟೆಲ್ ಕೋಣೆಯ ಬೀಗದ ಕೈ ವಾಪಸ್. ಇಂಜೆಕ್ಷನ್ ಚಟಕ್ಕೆ ಬಿದ್ದ ನರ್ಸ್ ಅಂತ ಒಬ್ಬಳು ಆ ಆಸ್ಪತ್ರೆಯ ದಾಖಲೆಗಳ ಪ್ರಕಾರ ಎಂದೂ ಇರಲೇ ಇಲ್ಲ. ಇಪ್ಪತ್ತನಾಲ್ಕು ಗಂಟೆ ಸೇವೆ ಎಂದು ಬೋರ್ಡು ಬರೆಸಿಕೊಂಡ ಜಾಗ ಅದು. ಕಾಯಿಲೆ ಬಿದ್ದ ತನ್ನದೇ ಸಿಸ್ಟರನ್ನು ಹಿಂಬಾಗಿಲಿನಿಂದ ರಸ್ತೆಗೆ ತಳ್ಳಿ, ಮುಂಬಾಗಿಲಿನಲ್ಲಿ ಮುಂದಿನ ರೋಗಿಯಿಂದ ಅಡ್ವಾನ್ಸ್ ಕಟ್ಟಿಸಿಕೊಳ್ಳುತ್ತಿರುತ್ತದೆ. ಕೊಲ್ಲುವವನಿಗಾದರೂ ಒಂದು ದ್ವೇಷ ಇರುತ್ತದೆ. ಇಲ್ಲಿ ಅದೂ ಇಲ್ಲ, ಬರೀ ಅಸಡ್ಡೆ.

ಚಟ ಶುರುವಾಗುವ ಬಗೆ ವಾರ್ಡಿನಲ್ಲಿ ದುಡಿದ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ನಾನು ವಾರ್ಡ್ ಸಿಸ್ಟರ್ ಆಗಿದ್ದಾಗ ನನ್ನ ಕೈಕೆಳಗಿದ್ದ ಹುಡುಗಿಯೊಬ್ಬಳು, ಆಸ್ಪತ್ರೆ ಬಿಟ್ಟು ಎಷ್ಟೋ ಕಾಲದ ಮೇಲೆ, ನನ್ನ ಮನೆಯ ಅಡುಗೆಕೋಣೆಯಲ್ಲಿ ಕೂತು ಹೇಳಿದ್ದು ಹೀಗೆ: ‘ಅಕ್ಕಾ, ಎಂಬತ್ತು ಕೆಜಿ ಪೇಷೆಂಟನ್ನ ಒಬ್ಳೇ ಮಗ್ಗುಲು ತಿರುಗಿಸ್ದೆ. ಬೆನ್ನು ಹಿಡ್ಕೊಂಬಿಡ್ತು. ರಜಾ ಕೇಳಿದ್ರೆ ಬದಲಿಗೆ ಯಾರೂ ಇಲ್ಲ ಅಂದ್ರು. ಡ್ಯೂಟಿ ರೂಮಲ್ಲಿ ಸೀನಿಯರ್ ಒಬ್ರು ಒಂದು ಫೋರ್ಟ್‌ವಿನ್ ಹಾಕಿದ್ರು. ಅವತ್ತು ನೈಟ್ ಕಳೆದದ್ದೇ ಗೊತ್ತಾಗ್ಲಿಲ್ಲ.’ ಆಮೇಲೆ ಸೀನಿಯರ್ ಬೇಕಾಗಲಿಲ್ಲ. ಅವಳೇ ಹಾಕಿಕೊಂಡಳು. ಫೋರ್ಟ್‌ವಿನ್ ಎಂದರೆ ಪೆಂಟಾಜೋಸಿನ್, ಆಪರೇಷನ್ ಆದವರ ನೋವಿಗೆ ಕೊಡುವ ಮದ್ದು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿದರೆ ಸ್ನಾಯು ಗಟ್ಟಿಯಾಗುತ್ತದೆ, ಚರ್ಮ ಒಡೆದು ಹುಣ್ಣಾಗುತ್ತದೆ. ಅವಳ ತೊಡೆಗೆ ನಾನೇ ಡ್ರೆಸ್ಸಿಂಗ್ ಮಾಡಿದೆ. ಕೈಗೆ ಸಿಕ್ಕದ್ದು ಹಲಗೆ ಮುಟ್ಟಿದಂಥ ಮಾಂಸ. ನಡುವೆ ರೂಪಾಯಿಯಗಲದ ಗಾಯ, ಅಂಚೆಲ್ಲ ಕಪ್ಪು. ಎರಡು ವರ್ಷ ಸೀರೆ, ಚೂಡಿದಾರ್, ಯೂನಿಫಾರ್ಮ್ ಕೆಳಗೆ ಅದನ್ನು ಮುಚ್ಚಿಕೊಂಡು ಬೇರೆಯವರ ಬೆಡ್‌ಸೋರ್ ತೊಳೆದಿದ್ದಳು.

‘ಓದಿದವಳಿಗೆ ಗೊತ್ತಾಗಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಗೊತ್ತಿದ್ದದ್ದೇ ಅವಳಿಗೆ ಮುಳುವಾಯಿತು. ಎಷ್ಟು ಮಿಲಿ, ಎಷ್ಟು ಹೊತ್ತು, ಇಳಿಯುವುದು ಯಾವಾಗ, ಎಲ್ಲ ಬಲ್ಲವಳಿಗೆ ತನ್ನ ಹಿಡಿತ ತಪ್ಪುತ್ತದೆ ಎಂಬ ಭಯವೇ ಹುಟ್ಟುವುದಿಲ್ಲ. ಮೇಲೆ ಮದ್ದು ಕೈಗೆಟುಕುವಲ್ಲೇ ಇದೆ. ನೈಟ್ ಡ್ಯೂಟಿ ಮುಗಿಸಿ ಹಗಲು ನಿದ್ದೆ ಬಾರದವಳಿಗೆ ಅಲ್ಪ್ರಾಜೋಲಾಮ್, ಬೆನ್ನಿಗೆ ಟ್ರಮಡಾಲ್, ಬ್ರದರ್‌ಗಳಿಗೆ ಡ್ಯೂಟಿ ಬಿಟ್ಟ ಮೇಲಿನ ಕ್ವಾರ್ಟರ್ ಬಾಟಲಿ. ಟ್ರಮಡಾಲನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ತಂದದ್ದೇ 2018ರಲ್ಲಿ; ಅದಕ್ಕೂ ಮೊದಲು ಅದು ಎಲ್ಲರ ಬ್ಯಾಗಿನಲ್ಲೂ ಇರುತ್ತಿದ್ದ ಮಾತ್ರೆ.

ಪ್ರಬಲ ನೋವುನಿವಾರಕ ಫೆಂಟಾನಿಲ್ ವಿಷಯ ಇನ್ನೂ ಸೂಕ್ಷ್ಮ. ಎರಡು ಮಿಲಿಯ ಆಂಪ್ಯೂಲ್ ಒಡೆಯುತ್ತಾರೆ. ರೋಗಿಗೆ ಬೇಕಾದದ್ದು ಒಂದು ಮಿಲಿ. ಉಳಿದದ್ದನ್ನು ಇನ್ನೊಬ್ಬರ ಕಣ್ಣೆದುರು ಚೆಲ್ಲಿ, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕಬೇಕು. ನಿಯಮ ಚೆನ್ನಾಗಿದೆ. ಆದರೆ ರಾತ್ರಿ ಎರಡೂವರೆಗೆ ಆ ಇನ್ನೊಬ್ಬರು ಎಲ್ಲಿದ್ದಾರೆ? ಆಚೆ ಕೊನೆಯ ಹಾಸಿಗೆಯಲ್ಲಿ ಒಬ್ಬರಿಗೆ ಸಿಪಿಆರ್ ಮಾಡುತ್ತಿದ್ದಾರೆ. ಬೆಳಗ್ಗೆ ಹ್ಯಾಂಡೋವರ್ ಹೊತ್ತಿಗೆ ಇಡೀ ಪುಟಕ್ಕೆ ಒಂದೇ ಸಲ ಸಾಕ್ಷಿಯ ಸಹಿ ಬೀಳುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಹೀಗೆ ಆಗುವ ಕಡೆ, ಆ ಸಹಿ ಸುಳ್ಳು ಎಂಬುದು ಮ್ಯಾನೇಜ್‌ಮೆಂಟಿಗೆ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಬ್ಬಳನ್ನು ನೇಮಿಸಿದರೆ ಸಂಬಳ ಕೊಡಬೇಕು, ಸುಳ್ಳು ಸಹಿಗೆ ಏನೂ ಕೊಡಬೇಕಾಗಿಲ್ಲ. ಲೆಕ್ಕ ಅಷ್ಟೇ.

ಇನ್ನು ರೋಗಿಯ ಮಾತು. ಹೊಟ್ಟೆ ಕೊಯ್ಸಿಕೊಂಡು ಮಲಗಿದ ಮನುಷ್ಯನಿಗೆ ನೋವಿನ ಇಂಜೆಕ್ಷನ್ ಬದಲು ಸಲೈನ್ ನೀರು ಕೊಟ್ಟರೆ ಅದು ಕ್ರೌರ್ಯ. ಕೊಟ್ಟವಳು ಎಷ್ಟೇ ಕಷ್ಟದಲ್ಲಿರಲಿ, ಅದಕ್ಕೆ ಸಮಜಾಯಿಷಿ ಇಲ್ಲ; ಅವಳನ್ನು ಆ ಕ್ಷಣವೇ ರೋಗಿಯ ಹಾಸಿಗೆಯಿಂದ ದೂರ ನಿಲ್ಲಿಸಬೇಕು. ನಾನು ಅವಳ ಪರ ಬರೆಯುತ್ತಿರುವುದು ಆ ರೋಗಿಯನ್ನು ಮರೆತಲ್ಲ. ಆ ರೋಗಿಯನ್ನು ಮರೆತವರು ರಾಜೀನಾಮೆ ಪತ್ರ ಟೈಪ್ ಮಾಡಿಸಿದವರು. ಅವಳು ಮುಂದಿನ ತಿಂಗಳು ಇನ್ನೊಂದು ಊರಿನ ನರ್ಸಿಂಗ್ ಹೋಮಿನಲ್ಲಿ, ಇನ್ನೊಂದು ಔಷಧದ ಕಪಾಟಿನ ಮುಂದೆ, ಅದೇ ಕಾಯಿಲೆ ಹೊತ್ತು ನಿಂತಿರುತ್ತಾಳೆ ಎಂಬುದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಆ ನರ್ಸಿಂಗ್ ಹೋಮ್ ಅವರದ್ದಲ್ಲ, ಅಷ್ಟೇ.

ಹೀಗೆ ಸದ್ದಿಲ್ಲದೆ ಕಳಿಸಿಬಿಡುವುದರ ಬೆಲೆ ಎಷ್ಟು ಎಂಬುದಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ರಕರಣವೊಂದಿದೆ. ಆತ ನರ್ಸ್ ಅಲ್ಲ, ಹೃದ್ರೋಗ ವಿಭಾಗದ ತಂತ್ರಜ್ಞ. ಫೆಂಟಾನಿಲ್ ಕದ್ದು ತನಗೆ ಚುಚ್ಚಿಕೊಂಡು, ಬಳಸಿದ ಸಿರಿಂಜಿಗೆ ಸಲೈನ್ ತುಂಬಿ ವಾಪಸ್ ಇಡುತ್ತಿದ್ದ. ಅವನಿಗೆ ಹೆಪಟೈಟಿಸ್ ಸಿ ಇತ್ತು. ಹಿಂದೆ ಬೇರೆ ಬೇರೆ ರಾಜ್ಯಗಳ ಆಸ್ಪತ್ರೆಗಳಲ್ಲಿ ಅನುಮಾನಕ್ಕೆ ಸಿಕ್ಕಿಬಿದ್ದಿದ್ದ, ಕೆಲಸವನ್ನೂ ಕಳೆದುಕೊಂಡಿದ್ದ. ಆದರೂ ಮುಂದಿನ ಆಸ್ಪತ್ರೆಯ ಬಾಗಿಲು ತೆರೆದೇ ಇತ್ತು. ಕೊನೆಗೆ 40ಕ್ಕೂ ಹೆಚ್ಚು ರೋಗಿಗಳಿಗೆ ಸೋಂಕು ತಗುಲಿತ್ತು. 2013ರಲ್ಲಿ ಕೋರ್ಟು ಅವನಿಗೆ 39 ವರ್ಷ ಜೈಲು ವಿಧಿಸಿತು. ‘ನಮ್ಮ ಆಸ್ಪತ್ರೆಯ ಹೆಸರು ಕೆಡಬಾರದು’ ಎಂದು ಬಾಯಿ ಮುಚ್ಚಿಕೊಂಡವರಿಗೆ ಒಂದು ದಿನವೂ ಇಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂಥ ರೋಗಿಯನ್ನು ದೈಹಿಕ ಕಾಯಿಲೆಯವರಿಗೆ ಸಮನಾಗಿ ಕಾಣಬೇಕು, ಗುಟ್ಟು ಕಾಪಾಡಬೇಕು ಎನ್ನುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆ, ಎಲ್ಲರೂ ಹೆದರಿಸಲು ಬಳಸುವ ಅದೇ ಕಾಯ್ದೆ, ತನ್ನ 64ಎ ಕಲಮಿನಲ್ಲಿ ಹೇಳುವುದೇನು? ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಸೇವನೆಗಾಗಲೀ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಲೀ ಮೊಕದ್ದಮೆಯಿಂದ ರಕ್ಷಣೆ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪೊಲೀಸ್ ಕೇಸಿನ ಗುಮ್ಮ ತೋರಿಸಿ ಸಹಿ ಹಾಕಿಸಿಕೊಳ್ಳುವ ಆಡಳಿತಾಧಿಕಾರಿ ಈ ಕಲಮನ್ನು ಓದಿದ್ದಾನೆಯೇ? ಓದಿದ್ದರೆ ಅವನು ವಂಚಕ, ಓದಿಲ್ಲದಿದ್ದರೆ ಆ ಕುರ್ಚಿಗೆ ಅನರ್ಹ.

ದೊಡ್ಡವರ ವ್ಯಸನಕ್ಕೆ ಬೇರೆಯೇ ನ್ಯಾಯ, ಅದೂ ಇಂದು ನಿನ್ನೆಯದಲ್ಲ. ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲಿ ಒಬ್ಬನೆಂದು ಹೊಗಳಿಸಿಕೊಳ್ಳುವ ವಿಲಿಯಂ ಹಾಲ್‌ಸ್ಟೆಡ್ 1884ರಲ್ಲಿ ಕೊಕೇನನ್ನು ಅರಿವಳಿಕೆಯಾಗಿ ಪರೀಕ್ಷಿಸಲು ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಚಟಕ್ಕೆ ಬಿದ್ದ. ಆಸ್ಪತ್ರೆ ಸೇರಿ ಬಂದ, ಕೊಕೇನ್ ಜಾಗಕ್ಕೆ ಮಾರ್ಫಿನ್ ಬಂತು. ಗೆಳೆಯ ವೆಲ್ಚ್ ಅವನನ್ನು ಬಾಲ್ಟಿಮೋರಿಗೆ ಕರೆತಂದ, ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ಅವನನ್ನು ಮುಖ್ಯ ಶಸ್ತ್ರಚಿಕಿತ್ಸಕನನ್ನಾಗಿ ಮಾಡಿತು. ವೈದ್ಯ ವಿಲಿಯಂ ಆಸ್ಲರ್‌ಗೆ ವಿಷಯ ಗೊತ್ತಿತ್ತು. ಬರೆದಿಟ್ಟ, ಮೊಹರು ಹಾಕಿದ. ಆ ಬರಹ ತೆರೆದದ್ದು 1969ರಲ್ಲಿ, ಹಾಲ್‌ಸ್ಟೆಡ್ ಸತ್ತು ಅರ್ಧ ಶತಮಾನವಾಗುವ ಹೊತ್ತಿಗೆ. ಗೆಳೆಯರು ಹೀಗೆ ಹೊದಿಕೆ ಹೊದಿಸಿದ್ದರಿಂದ ಜಗತ್ತಿಗೆ ಲಾಭವೇ ಆಯಿತು; ಇವತ್ತು ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಹಾಕಿಕೊಳ್ಳುವ ರಬ್ಬರ್ ಗ್ಲೌಸ್ ಅವನ ಕಾಲದ ಕೊಡುಗೆ. ಅದನ್ನು ಮೊದಲು ಮಾಡಿಸಿದ್ದು ಯಾರಿಗಾಗಿ? ಕ್ರಿಮಿನಾಶಕ ದ್ರಾವಣದಿಂದ ಕೈಚರ್ಮ ಸುಲಿದುಹೋಗುತ್ತಿದ್ದ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್‌ಗಾಗಿ. ಆಕೆ ಮುಂದೆ ಅವನ ಹೆಂಡತಿಯಾದಳು. ಅವನ ಬದಲು ಆ ನರ್ಸ್ ಮಾರ್ಫಿನ್ ಚುಚ್ಚಿಕೊಳ್ಳುತ್ತಿದ್ದರೆ ಯಾವ ಆಸ್ಲರ್ ಮೊಹರು ಹಾಕುತ್ತಿದ್ದ, ಯಾವ ವೆಲ್ಚ್ ಹುದ್ದೆ ಕೊಡಿಸುತ್ತಿದ್ದ?

ಅಷ್ಟೇಕೆ, ಪ್ರತಿ ಮೇ 12ರಂದು ಹಾರ ಹಾಕಿಸಿಕೊಳ್ಳುವ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯಾ ಯುದ್ಧದಿಂದ ಬಂದ ಮೇಲೆ ವರ್ಷಗಟ್ಟಲೆ ಬೆನ್ನುನೋವಿನಲ್ಲಿ ಹಾಸಿಗೆ ಹಿಡಿದಿದ್ದಳು. ಚರ್ಮದಡಿ ಅಫೀಮು ಚುಚ್ಚಿಸಿಕೊಂಡಾಗ ಮಾತ್ರ ನೋವು ತಗ್ಗಿದ್ದನ್ನು 1860ರ ದಶಕದ ಪತ್ರವೊಂದರಲ್ಲಿ ಅವಳೇ ಬರೆದಿದ್ದಾಳೆ. ಅದು ವೈದ್ಯರು ಕೊಟ್ಟ ಮದ್ದು, ಅವಳನ್ನು ವ್ಯಸನಿ ಎಂದು ನಾನು ಕರೆಯುತ್ತಿಲ್ಲ. ನರ್ಸಿನ ಬೆನ್ನಿಗೂ ನೋವಾಗುತ್ತದೆ, ಆ ನೋವಿಗೂ ಅಫೀಮಿಗೂ ದೂರ ಬಹಳವಿಲ್ಲ ಎಂಬುದು ಈ ವೃತ್ತಿಯ ಮೊದಲ ಪುಟದಲ್ಲೇ ಇದೆ ಎಂದಷ್ಟೇ ಹೇಳುತ್ತಿದ್ದೇನೆ. ಕಾಲೇಜಿನಲ್ಲಿ ಮೇಣದ ಬತ್ತಿ ಹಿಡಿಸಿ ಪ್ರಮಾಣ ಬೋಧಿಸುವವರು ಆ ಪುಟ ಹಾರಿಸಿಬಿಡುತ್ತಾರೆ.

ಬೇರೆ ದಾರಿ ಇದೆ ಎಂಬುದಕ್ಕೂ ಸಾಕ್ಷಿ ಇದೆ. ಅಮೆರಿಕದ ಫ್ಲಾರಿಡಾ ರಾಜ್ಯ 1983ರಲ್ಲೇ ನರ್ಸ್‌ಗಳಿಗಾಗಿ ಪ್ರತ್ಯೇಕ ವ್ಯವಸ್ಥೆ ಮಾಡಿತು. ವ್ಯಸನದ ಸುಳಿವು ಸಿಕ್ಕ ತಕ್ಷಣ ನರ್ಸ್ ಕೆಲಸ ನಿಲ್ಲಿಸಬೇಕು. ಪರೀಕ್ಷೆ, ಚಿಕಿತ್ಸೆ, ಆಮೇಲೆ ವರ್ಷಗಟ್ಟಲೆ ಕಣ್ಗಾವಲು. ಹೇಳದೆ ಕೇಳದೆ ಯಾವ ದಿನ ಬೇಕಾದರೂ ಮೂತ್ರ ಪರೀಕ್ಷೆಗೆ ಕರೆ ಬರುತ್ತದೆ. ಕೆಲಸಕ್ಕೆ ಮರಳಿದರೂ ಮೊದಮೊದಲು ನಾರ್ಕೋಟಿಕ್ ಕಪಾಟಿನ ಬೀಗದ ಕೈ ಅವಳಿಗಿಲ್ಲ. ಒಪ್ಪಿ ನಡೆದರೆ ಲೈಸೆನ್ಸ್ ಉಳಿಯುತ್ತದೆ, ಒಪ್ಪದಿದ್ದರೆ ವಿಷಯ ನರ್ಸಿಂಗ್ ಮಂಡಳಿಗೆ ಹೋಗುತ್ತದೆ. ಇದರಲ್ಲಿ ಮುದ್ದು ಮಾಡುವುದು ಎಲ್ಲಿದೆ? ನಮ್ಮ ಹತ್ತು ನಿಮಿಷದ ರಾಜೀನಾಮೆಗಿಂತ ಇದು ಎಷ್ಟೋ ಕಠಿಣ. ಅಲ್ಲಿಂದೀಚೆಗೆ ಆ ದೇಶದ ಬಹುತೇಕ ರಾಜ್ಯಗಳು ಇಂಥದ್ದೊಂದು ವ್ಯವಸ್ಥೆಗೆ ಬಂದಿವೆ. ಅಲ್ಲೂ ಹುಳುಕಿದೆ: ಎಷ್ಟೋ ಕಡೆ ಪರೀಕ್ಷೆಯ ಖರ್ಚು ನರ್ಸೇ ಭರಿಸಬೇಕು, ಕೆಲಸವಿಲ್ಲದವಳು ಎಲ್ಲಿಂದ ತರಬೇಕು? ನಕಲು ಮಾಡುವಾಗ ಆ ಹುಳುಕನ್ನು ಬಿಟ್ಟು ನಕಲು ಮಾಡೋಣ.

ಆದರೆ ಚಿಕಿತ್ಸೆಯೊಂದೇ ಸಾಲದು. ಅವಳು ಮುರಿದ ಜಾಗಕ್ಕೇ ಅವಳನ್ನು ವಾಪಸ್ ಕಳಿಸಿದರೆ ಮತ್ತೆ ಮುರಿಯುತ್ತಾಳೆ. ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು ಎನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ನಿಮ್ಮ ಊರಿನ ಆಸ್ಪತ್ರೆಗೆ ರಾತ್ರಿ ಹೋಗಿ ಎಣಿಸಿ ನೋಡಿ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸೂಚನೆಯಂತೆ ರಚನೆಯಾದ ಕೇಂದ್ರದ ಸಮಿತಿ, 50 ಹಾಸಿಗೆಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ಕನಿಷ್ಠ 20,000 ರೂಪಾಯಿ ಸಂಬಳ ಕೊಡಬೇಕು, 200 ಹಾಸಿಗೆ ಮೀರಿದ ಕಡೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಶಿಫಾರಸು ಮಾಡಿತು. ಅದನ್ನು ಕಾನೂನಾಗಿಸುವ ಹೊಣೆ ರಾಜ್ಯಗಳದ್ದು. ಹೆಚ್ಚಿನ ರಾಜ್ಯಗಳು ಕಡತದ ಧೂಳನ್ನೂ ಒರೆಸಲಿಲ್ಲ. ಆದರೆ ಕೊರೊನಾ ಕಾಲದಲ್ಲಿ, 2020ರ ಮೇ 3ರಂದು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೆ ವಾಯುಪಡೆಯ ಹೆಲಿಕಾಪ್ಟರ್ ಹೂವಿನ ಪಕಳೆ ಸುರಿಸಿತು. ಪಿಪಿಇ ಕಿಟ್ಟಿನೊಳಗೆ ಎಂಟು ಗಂಟೆ ಮೂತ್ರ ತಡೆದುಕೊಂಡು ನಿಂತವರು ಆಚೆ ಬಂದು ಫೋಟೋಗೆ ಕೈ ಬೀಸಿದರು. ಹೂವಿನ ಬದಲು ಪ್ರತಿ ವಾರ್ಡಿಗೆ ಇನ್ನೊಬ್ಬ ನರ್ಸ್ ಇಳಿಸಿದ್ದರೆ ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ.

ಹೊರಗೆ ತಳ್ಳಿಸಿಕೊಂಡವಳು ಎಲ್ಲಿಗೆ ಹೋಗಬೇಕು ಹೇಳಿ. ನಮ್ಮ ಊರುಗಳ ವ್ಯಸನಮುಕ್ತಿ ಕೇಂದ್ರಗಳು ಹೆಚ್ಚಾಗಿ ಗಂಡಸರಿಗೆಂದೇ ಇರುವಂಥವು. ಮದ್ಯವರ್ಜನ ಶಿಬಿರದ ಚಾಪೆಯ ಮೇಲೆ ಅವಳು ಕೂರುವ ಹಾಗಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಹೋದರೆ ಒಪಿಡಿ ಚೀಟಿ ಬರೆಯುವವಳು ಅವಳ ಬ್ಯಾಚ್‌ಮೇಟೇ ಆಗಿರುತ್ತಾಳೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ ನಿಜ, ಆದರೆ ಚಿಕಿತ್ಸೆ ಮುಗಿಯುವ ತನಕ ಮನೆಗೆ ಏನೆಂದು ಹೇಳುವುದು, ಎಜುಕೇಷನ್ ಲೋನಿನ ಕಂತು ಯಾರು ಕಟ್ಟುವುದು? ಗಂಡಸು ಕುಡಿದರೆ ‘ಪಾಪ, ಟೆನ್ಷನ್’. ಹೆಣ್ಣು ಸೂಜಿ ಹಿಡಿದರೆ ಅವಳ ಶೀಲದ ಬಗ್ಗೆಯೇ ಮಾತು. ನನ್ನ ಅಡುಗೆಕೋಣೆಯಲ್ಲಿ ಕೂತಿದ್ದ ಆ ಹುಡುಗಿ ಮನೆಯವರಿಗೆ ಹೇಳಿದ್ದು ‘ಆಸ್ಪತ್ರೆ ನಷ್ಟದಲ್ಲಿತ್ತು, ಮುಚ್ಚಿದ್ರು’ ಎಂದು. ಆ ಆಸ್ಪತ್ರೆ ಆ ವರ್ಷ ಹೊಸ ಬ್ಲಾಕ್ ಕಟ್ಟುತ್ತಿತ್ತು.

2023ರಲ್ಲಿ ಸಂಸತ್ತು 1947ರ ಹಳೆಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ತಂದಿದೆ. ರಾಜ್ಯಕ್ಕೊಂದು ಆಯೋಗ ಬೇಕು ಎನ್ನುತ್ತದೆ, ವೃತ್ತಿ ನೀತಿ ಮತ್ತು ನೋಂದಣಿಗೆ ಮಂಡಳಿ ಮಾಡುತ್ತದೆ. ಕರ್ನಾಟಕದಲ್ಲಿ ಆ ಆಯೋಗಕ್ಕೆ ಮೊದಲು ಕೊಡಬೇಕಾದ ಕೆಲಸ ಯಾವುದು ಎಂದು ಕೇಳಿದರೆ ನನ್ನ ಉತ್ತರ ಸಿದ್ಧವಿದೆ. ವ್ಯಸನಕ್ಕೆ ಬಿದ್ದ ನರ್ಸ್ ತಾನಾಗಿ ಬಂದು ಹೇಳಿಕೊಳ್ಳಲು ಒಂದು ಗುಟ್ಟಿನ ಬಾಗಿಲು, ಸಂಬಳಸಹಿತ ಚಿಕಿತ್ಸಾ ರಜೆ, ಕಣ್ಗಾವಲಿನಲ್ಲಿ ಮರಳುವ ದಾರಿ, ಖರ್ಚು ಆಸ್ಪತ್ರೆಯದು. ಚಟದ ವಿಷಯ ಗೊತ್ತಿದ್ದೂ ‘ವೈಯಕ್ತಿಕ ಕಾರಣ’ ಎಂದು ಬರೆಸಿಕೊಂಡು ಇನ್ನೊಂದು ಆಸ್ಪತ್ರೆಗೆ ದಾಟಿಸುವ ಮ್ಯಾನೇಜ್‌ಮೆಂಟಿಗೆ ದಂಡ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್‌ನಿಂದ ತಪಾಸಣೆಗೆ ಬರುವವರು ರಿಜಿಸ್ಟರಿನ ಸಹಿ ಮಾತ್ರ ನೋಡದೆ, ಆ ರಾತ್ರಿ ಡ್ಯೂಟಿಯಲ್ಲಿ ಎಷ್ಟು ಜನ ಇದ್ದರು ಎಂದು ರೋಸ್ಟರನ್ನೂ ಪಕ್ಕಕ್ಕಿಟ್ಟು ನೋಡಲಿ. ಆಗ ಎಷ್ಟು ಸಹಿ ನಿಜ ಎಂಬುದು ಹೊರಬೀಳುತ್ತದೆ. ನರ್ಸ್ ಸಂಘಗಳಿಗೂ ಒಂದು ಮಾತು: ವೇತನಕ್ಕೆ ಬೀದಿಗಿಳಿದ ನೀವು, ಹೀಗೆ ಸಹಿ ಹಾಕಿಸಿಕೊಂಡು ಕಳಿಸಲ್ಪಟ್ಟ ಒಬ್ಬಳಿಗಾಗಿ ಒಂದು ಗೇಟಿನ ಮುಂದೆಯೂ ನಿಂತದ್ದನ್ನು ನಾನು ಕಂಡಿಲ್ಲ. ಅವಮಾನ ಅಂಟೀತೆಂಬ ಭಯವೇ?

ಇನ್ನು ಉಳಿದದ್ದು ನೈಟ್ ಡ್ಯೂಟಿಯ ನಡುವೆ ಇದನ್ನು ಓದುತ್ತಿರುವ ಸಿಸ್ಟರ್‌ಗೆ, ಬ್ರದರ್‌ಗೆ. ನಿಮ್ಮನ್ನು ಎಚ್‌ಆರ್ ಕೋಣೆಗೆ ಕರೆಯುವ ತನಕ ಕಾಯಬೇಡಿ, 64ಎ ಕಲಮಿನ ರಕ್ಷಣೆ ತಾನಾಗಿ ಮುಂದೆ ಬಂದವರಿಗೆ. ಇವತ್ತೇ ಔಷಧದ ಕಪಾಟಿನಿಂದ ದೂರದ ಡ್ಯೂಟಿ ಕೇಳಿ, ಮನೋವೈದ್ಯರನ್ನು ನೋಡಿ, ಅವರಿಂದ ಚೀಟಿ ಪಡೆದು ಅನಾರೋಗ್ಯ ರಜೆಗೆ ಅರ್ಜಿ ಹಾಕಿ, ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಟೈಪ್ ಮಾಡಿದ ಕಾಗದ ಮುಂದಿಟ್ಟರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಯಾರ ಮುಖವನ್ನೂ ನೋಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.